ಪ್ರಬಂಧ ಬರೆದದ್ದು ಹುಡುಗಿಯೋ, ಫೋನೋ?

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಮಲೆನಾಡು ಸೀಮೆಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಉಪನ್ಯಾಸಕಿ. ಎರಡು ಸೆಕ್ಷನ್ ಸೇರಿ 118 ಮಕ್ಕಳಿದ್ದಾರೆ. ಮುಕ್ಕಾಲು ಪಾಲು ಮಕ್ಕಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ಹೋದ ವರ್ಷದಿಂದ ಮನೆಗೆ ಕೊಟ್ಟ ಪ್ರಬಂಧಗಳು ಒಂದು ತಪ್ಪೂ ಇಲ್ಲದೆ ಬರುತ್ತಿವೆ. ಕ್ಲಾಸಿನಲ್ಲಿ ನಾಲ್ಕು ಸಾಲು ಬರೆಯಿರಿ ಅಂದರೆ ಅದೇ ಮಕ್ಕಳು ಪೆನ್ನು ಕಚ್ಚುತ್ತಾ ಕೂರುತ್ತಾರೆ. ಬೇಸತ್ತು ಕಳೆದ ತಿಂಗಳು, ಎಐ ಬರಹ ಪತ್ತೆ ಮಾಡುತ್ತದೆ ಅನ್ನುವ ಒಂದು ಟೂಲಿಗೆ ಕೆಲವು ಪ್ರಬಂಧ ಟೈಪ್ ಮಾಡಿ ಹಾಕಿದೆ. ತಾಯಿಯ ಬಗ್ಗೆ ಬರೆದ ಒಬ್ಬ ಹುಡುಗಿಯ ಪ್ರಬಂಧಕ್ಕೆ "87% ಎಐ" ಎಂದು ಬಂತು. ಎಲ್ಲರೆದುರು ಸೊನ್ನೆ ಕೊಟ್ಟೆ. "ನಾನೇ ಬರೆದಿದ್ದು ಮಿಸ್" ಎಂದು ಅತ್ತಳು. ಅವಳ ತಾಯಿ ಕಾಫಿ ತೋಟದ ಕೂಲಿ ಕೆಲಸಕ್ಕೆ ಹೋಗುವವರು. ಮನೆಯಲ್ಲಿರುವುದು ಒಂದೇ ಫೋನು, ಅದೂ ತಂದೆಯ ಜೇಬಿನಲ್ಲಿರುತ್ತದೆ. ಹಾಸನಾಂಬೆ ಜಾತ್ರೆಯ ಬಗ್ಗೆ ಇನ್ನೊಬ್ಬ ಹುಡುಗ ತಂದ ಪ್ರಬಂಧ ಫೋನಿಂದಲೇ ಬಂದದ್ದು ಎಂದು ಓದಿದರೇ ಗೊತ್ತಾಗುತ್ತಿತ್ತು. ಅದಕ್ಕೆ ಟೂಲ್ ಕೊಟ್ಟದ್ದು ಬರೀ 12%. ಪ್ರಾಂಶುಪಾಲರು ಎಐ ಪೂರ್ತಿ ನಿಷೇಧ ಮಾಡೋಣ ಅನ್ನುತ್ತಾರೆ. ಹೊಸದಾಗಿ ಬಂದ ಸಹೋದ್ಯೋಗಿ, ಮಕ್ಕಳಿಗೆ ಅದನ್ನೇ ಕಲಿಸೋಣ ಅನ್ನುತ್ತಾರೆ. ಟೂಲ್ ನಂಬಬಹುದೇ? ಎಐ ಬಳಸಿದರೆ ಮಕ್ಕಳ ಇಂಗ್ಲಿಷ್ ಸುಧಾರಿಸುತ್ತದೆಯೇ? ನೆಟ್‌ವರ್ಕೇ ಸರಿಯಾಗಿ ಸಿಗದ ಊರಿನಲ್ಲಿ ಇಷ್ಟು ಮಕ್ಕಳನ್ನು ಇಟ್ಟುಕೊಂಡು ನಾನೇನು ಮಾಡಲಿ?

ಉತ್ತರ: ಮೇಡಂ, ನೀವು ಕೇಳಿದ್ದು ಮೂರು ಪ್ರಶ್ನೆ. ಆದರೆ ನಿಮ್ಮನ್ನು ಕೊರೆಯುತ್ತಿರುವುದು ಆ ಹುಡುಗಿಯ ಅಳು ಅಂತ ನನಗನ್ನಿಸಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ಆ ಸೊನ್ನೆಯನ್ನು ಹೊಡೆದುಹಾಕಿ. ಎಲ್ಲರೆದುರು ಕೊಟ್ಟಿದ್ದೀರಿ, ಎಲ್ಲರೆದುರೇ ವಾಪಸ್ ತೆಗೆದುಕೊಳ್ಳಿ. ಅವಳೇ ಬರೆದಳು ಎಂದು ಇಲ್ಲಿ ಕೂತು ನಾನು ಪ್ರಮಾಣ ಮಾಡಲಾರೆ. ಆದರೆ ಅವಳು ಬರೆದಿಲ್ಲ ಅನ್ನುವುದಕ್ಕೆ ನಿಮ್ಮ ಕೈಯಲ್ಲಿರುವ ಆಧಾರ ಆಧಾರವೇ ಅಲ್ಲ.

ಯಾಕೆ ಅಂತ ಹೇಳುತ್ತೇನೆ. ಚಾಟ್‌ಜಿಪಿಟಿ, ಜೆಮಿನಿ ಥರದವು ಬರೆಯುವ ರೀತಿ ಇಷ್ಟೇ: ಇಲ್ಲಿಯವರೆಗೆ ಬಂದ ಪದಗಳನ್ನು ನೋಡಿ, ಮುಂದೆ ಯಾವ ಪದ ಬರುವ ಸಾಧ್ಯತೆ ಜಾಸ್ತಿ ಎಂದು ಲೆಕ್ಕ ಹಾಕುತ್ತಾ ಹೋಗುತ್ತವೆ. ಪತ್ತೆ ಮಾಡುವ ಟೂಲುಗಳಲ್ಲಿ ಹೆಚ್ಚಿನವು ಇದೇ ಲೆಕ್ಕವನ್ನು ಹಿಂದುಮುಂದು ಮಾಡುತ್ತವೆ. ಈ ಬರಹದಲ್ಲಿ ಮುಂದಿನ ಪದವನ್ನು ಸುಲಭವಾಗಿ ಊಹಿಸಲು ಆಗುತ್ತಿದೆಯೇ? ಹಾಗಾದರೆ ಇದು ಯಂತ್ರದ್ದು. ಆಗುತ್ತಿಲ್ಲವೇ? ಹಾಗಾದರೆ ಮನುಷ್ಯರದ್ದು.

ಈಗ ನಮ್ಮ ಮಕ್ಕಳ ಇಂಗ್ಲಿಷ್ ನೆನಪಿಸಿಕೊಳ್ಳಿ. "ಮೈ ಮದರ್ ಈಸ್ ಎ ಹಾರ್ಡ್ ವರ್ಕಿಂಗ್ ವುಮನ್. ಶೀ ವೇಕ್ಸ್ ಅಪ್ ಅರ್ಲಿ ಇನ್ ದಿ ಮಾರ್ನಿಂಗ್." ಗೊತ್ತಿರುವುದು ಕೆಲವೇ ನೂರು ಪದ. ತಪ್ಪಾದೀತು ಎಂಬ ಹೆದರಿಕೆಗೆ ಅದರಲ್ಲೂ ಗಟ್ಟಿ ನೆಲ ನೋಡಿಕೊಂಡೇ ಕಾಲಿಡುತ್ತಾರೆ. ಮುಂದಿನ ಪದ ಯಾವುದು ಎಂದು ನೀವೂ ಹೇಳಬಹುದು, ನಾನೂ ಹೇಳಬಹುದು, ಟೂಲೂ ಹೇಳುತ್ತದೆ. ಅದಕ್ಕೇ ಎಚ್ಚರಿಕೆಯಿಂದ, ಕಷ್ಟಪಟ್ಟು ಬರೆದ ಮಗುವೇ ಸಿಕ್ಕಿಬೀಳುವುದು.

ಇದು ಬರೀ ನನ್ನ ಊಹೆ ಅಲ್ಲ. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ 7 ಟೂಲುಗಳನ್ನು ಪರೀಕ್ಷೆ ಮಾಡಿದರು. ಇಂಗ್ಲಿಷ್ ಮನೆಮಾತಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಅವುಗಳಿಗೆ ಹಾಕಿದರು. ಎಲ್ಲವೂ ಮನುಷ್ಯರೇ ಬರೆದವು. ಟೂಲುಗಳು ಸರಾಸರಿ 61% ಪ್ರಬಂಧಗಳನ್ನು ಎಐ ಬರೆದದ್ದು ಅಂದವು. ಕನಿಷ್ಠ ಒಂದಾದರೂ ಟೂಲ್ ತಪ್ಪಾಗಿ ಬೆರಳು ತೋರಿಸಿದ ಪ್ರಬಂಧಗಳು 91ರಲ್ಲಿ 89. ಅಮೆರಿಕದ ಎಂಟನೇ ತರಗತಿ ಮಕ್ಕಳ ಪ್ರಬಂಧ ಹಾಕಿದಾಗ ಮಾತ್ರ ಅವೇ ಟೂಲುಗಳು ಹೆಚ್ಚುಕಡಿಮೆ ಸರಿಯಾಗಿ ಹೇಳಿದವು. ತಮಾಷೆ ಇರುವುದು ಮುಂದೆ. ಅದೇ ಟೋಫೆಲ್ ಪ್ರಬಂಧಗಳನ್ನು ಚಾಟ್‌ಜಿಪಿಟಿಗೆ ಕೊಟ್ಟು, ಇವುಗಳಿಗೆ ಒಳ್ಳೊಳ್ಳೆ ಪದ ಹಾಕು ಅಂದರು. ಮತ್ತೆ ಟೂಲಿಗೆ ಹಾಕಿದರೆ 61% ಇದ್ದದ್ದು ಸುಮಾರು 12%ಕ್ಕೆ ಇಳಿಯಿತು. ಸ್ವಂತ ಕೈಯಲ್ಲಿ ಬರೆದಾಗ ಯಂತ್ರ ಅನ್ನಿಸಿಕೊಂಡವರು, ಯಂತ್ರದ ಕೈಲಿ ತಿದ್ದಿಸಿಕೊಂಡ ಮೇಲೆ ಮನುಷ್ಯರಾದರು! ನಿಮ್ಮ ಹಾಸನಾಂಬೆ ಹುಡುಗನಿಗೆ 12% ಬಂದದ್ದೂ ಇಂಥದೇ ಏನಾದರೂ ಇರಬಹುದು.

ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ 2023ರ ಜನವರಿಯಲ್ಲಿ ಒಂದು ಪತ್ತೆ ಟೂಲ್ ಬಿಟ್ಟಿತ್ತು. ಎಐ ಬರೆದದ್ದರಲ್ಲಿ 26% ಮಾತ್ರ ಹಿಡಿಯುತ್ತದೆ, ಮನುಷ್ಯರು ಬರೆದದ್ದರಲ್ಲಿ 9% ಅನ್ನು ಎಐ ಅನ್ನುತ್ತದೆ ಎಂದು ಅವರೇ ಹೇಳಿಕೊಂಡಿದ್ದರು. ನಿಖರತೆ ಸಾಲದು ಎಂದು ಅದೇ ಜುಲೈನಲ್ಲಿ ಅದನ್ನು ಹಿಂದೆ ತೆಗೆದುಕೊಂಡರು. ಆಮೇಲೆ ಬಂದವು ಸುಧಾರಿಸಿವೆ ಎಂದು ಮಾರುವವರು ಹೇಳುತ್ತಾರೆ. ಇರಬಹುದು. ಆದರೂ ಒಂದು ಮಗುವನ್ನು ಕಟಕಟೆಯಲ್ಲಿ ನಿಲ್ಲಿಸುವಷ್ಟು ನಂಬಿಕೆ ನನಗಂತೂ ಬಂದಿಲ್ಲ.

ನಿಮ್ಮನ್ನು ದೂರುತ್ತಿಲ್ಲ. ನಾನೂ ಇದೇ ತಪ್ಪು ಮಾಡಿದವನು. ಎಐ ಎಂಬ ಹೆಸರೂ ಕೇಳಿರದ ಕಾಲ. ಕಡೂರು ಕಡೆಯ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಬರಗಾಲದ ಬಗ್ಗೆ ಒಬ್ಬ ಹುಡುಗ ಬರೆದ ಒಂದು ಪ್ಯಾರಾ ತುಂಬಾ ಚೆನ್ನಾಗಿತ್ತು. ಗೈಡಿಂದ ಹೊಡೆದಿದ್ದಾನೆ ಎಂದು ಗಟ್ಟಿಯಾಗಿ ಹೇಳಿ ನೋಟ್‌ಬುಕ್ ಎಸೆದೆ. ಸಂಜೆ ಸ್ಟಾಫ್ ರೂಮಿಗೆ ಬಂದು, ಆ ಪ್ಯಾರಾದ ಹಿಂದೆ ಬರೆದು ಹೊಡೆದುಹಾಕಿದ್ದ ಆರು ಪುಟ ತೋರಿಸಿದ. ಬತ್ತಿದ ಕೆರೆ ಅನ್ನುವುದಕ್ಕೆ ಅವನು ಏಳು ಥರ ಪ್ರಯತ್ನ ಪಟ್ಟಿದ್ದ. ಅವತ್ತಿನಿಂದ ನಾನು ಕಚ್ಚಾ ಪ್ರತಿ ನೋಡದೆ ಯಾರಿಗೂ ಏನೂ ಹೇಳುವುದಿಲ್ಲ.

ನೀವೂ ಅದನ್ನೇ ಮಾಡಿ. ಆ ಹುಡುಗಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ವಿಚಾರಣೆ ಥರ ಅಲ್ಲದೆ ಸುಮ್ನೆ ಮಾತಾಡಿಸಿ. ಕನ್ನಡದಲ್ಲೇ ಕೇಳಿ. ಅಮ್ಮನ ಬಗ್ಗೆ ಬೇರೆ ಏನು ಬರೆಯಬೇಕು ಅಂತಿತ್ತು? ಈ ಪದ ಎಲ್ಲಿ ಸಿಕ್ಕಿತು? ಯಾವ ವಾಕ್ಯ ಬರೆಯೋದು ಕಷ್ಟ ಆಯ್ತು? ತಾನೇ ಬರೆದವಳು ಕಷ್ಟವಾದ ವಾಕ್ಯವನ್ನು ತಕ್ಷಣ ತೋರಿಸುತ್ತಾಳೆ. ಬರೆಯದವಳಿಗೆ ಕಷ್ಟವಾದ ವಾಕ್ಯವೇ ಇರುವುದಿಲ್ಲ. ನನ್ನ ಅನುಭವದಲ್ಲಿ ಐದು ನಿಮಿಷದ ಈ ಮಾತು ಯಾವ ಟೂಲಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ.

ಇನ್ನು, ಎಐ ಬಂದು ಮಕ್ಕಳು ಹಾಳಾದರು ಅನ್ನುವ ಮಾತು. ಮೇಡಂ, ನಮ್ಮ ಕಾಲದಲ್ಲಿ "ದಿ ಕೌ ಈಸ್ ಎ ಡೊಮೆಸ್ಟಿಕ್ ಅನಿಮಲ್" ಪ್ರಬಂಧವನ್ನು ಇಡೀ ಕ್ಲಾಸು ಬಾಯಿಪಾಠ ಹೊಡೆಯುತ್ತಿರಲಿಲ್ಲವೇ? ಪರೀಕ್ಷೆಯಲ್ಲಿ ಹಸುವಿನ ಬದಲು ಎಮ್ಮೆ ಬಂದರೆ ಅರ್ಧ ಕ್ಲಾಸು ಬೆವರುತ್ತಿತ್ತು. ಗೈಡ್ ಇತ್ತು, ಟ್ಯೂಷನ್ ನೋಟ್ಸ್ ಇತ್ತು, ಅಣ್ಣನ ಹಳೇ ನೋಟ್‌ಬುಕ್ ಇತ್ತು. ಬೇರೆಯವರ ಇಂಗ್ಲಿಷನ್ನು ನಮ್ಮ ಹೆಸರಲ್ಲಿ ಒಪ್ಪಿಸುವುದು ಹಳೇ ಅಭ್ಯಾಸ. ಹೊಸದು ಏನೆಂದರೆ, ಗೈಡಿನಿಂದ ನಕಲು ಮಾಡುವಾಗ ಕೈಯಾದರೂ ನೋಯುತ್ತಿತ್ತು, ನಾಲ್ಕು ಪದವಾದರೂ ತಲೆಗೆ ಅಂಟುತ್ತಿತ್ತು. ಈಗ ನಿಮ್ಮ ಮಕ್ಕಳು ಫೋನು ನೋಡಿಕೊಂಡು ಬರೆಯುತ್ತಾರಲ್ಲ, ಅಷ್ಟರಮಟ್ಟಿಗೆ ಅದೂ ಗೈಡೇ. ಆದರೆ ಈ ಗೈಡು ಯಾವ ವಿಷಯ ಕೊಟ್ಟರೂ, ಯಾವ ರಾತ್ರಿ ಕೇಳಿದರೂ ಹೊಸದಾಗಿ ಬರೆದುಕೊಡುತ್ತದೆ.

ಎರಡನೇ ಪ್ರಶ್ನೆಗೆ ಬರೋಣ. ಎಐ ಬಳಸಿದರೆ ಇಂಗ್ಲಿಷ್ ಸುಧಾರಿಸುತ್ತದೆಯೇ? ಪ್ರಬಂಧ ಸುಧಾರಿಸುತ್ತದೆ. ಮಗುವಿನ ಇಂಗ್ಲಿಷ್ ಸುಧಾರಿಸಬೇಕೆಂದೇನೂ ಇಲ್ಲ.

ಟರ್ಕಿಯ ಒಂದು ಹೈಸ್ಕೂಲಿನಲ್ಲಿ ಸುಮಾರು 1000 ಮಕ್ಕಳ ಮೇಲೆ ಒಂದು ಪ್ರಯೋಗ ನಡೆಯಿತು. ವಿಷಯ ಇಂಗ್ಲಿಷ್ ಅಲ್ಲ, ಗಣಿತ. ಆದರೂ ನಮಗೆ ಬೇಕಾದ ಪಾಠ ಅಲ್ಲಿದೆ. ಒಂದು ಗುಂಪಿಗೆ ಮಾಮೂಲಿ ಚಾಟ್‌ಜಿಪಿಟಿ ಥರದ್ದು ಕೊಟ್ಟರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವ ಹಾಗೆ ಕಟ್ಟುಹಾಕಿದ್ದನ್ನು ಕೊಟ್ಟರು. ಮೂರನೆಯ ಗುಂಪಿಗೆ ಏನೂ ಇಲ್ಲ. ಅಭ್ಯಾಸದ ಲೆಕ್ಕಗಳಲ್ಲಿ ಮೊದಲ ಗುಂಪು ಏನೂ ಇಲ್ಲದವರಿಗಿಂತ 48% ಚೆನ್ನಾಗಿ ಮಾಡಿತು. ಆಮೇಲೆ ಎಐ ಕಿತ್ತುಕೊಂಡು ಪರೀಕ್ಷೆ ಕೊಟ್ಟರು. ಅದೇ ಗುಂಪು ಏನೂ ಇಲ್ಲದವರಿಗಿಂತ 17% ಕಡಿಮೆ ಮಾಡಿತು. ಸುಳಿವಿನ ಗುಂಪು ಅಭ್ಯಾಸದಲ್ಲಿ 127% ಮೇಲೆ ಹೋಗಿತ್ತು, ಪರೀಕ್ಷೆಯಲ್ಲಿ ಆ ಹೊಡೆತ ಬೀಳಲಿಲ್ಲ. ಹಾಗಂತ ಏನೂ ಇಲ್ಲದವರಿಗಿಂತ ಮುಂದೆಯೂ ಹೋಗಲಿಲ್ಲ. ಎಐ ಕಲಿಸಿಬಿಡುತ್ತದೆ ಎಂದು ಕುಣಿಯುವವರು ಈ ಕೊನೆಯ ಸಾಲನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುತ್ತಾರೆ.

ನಿಮ್ಮ ಮಕ್ಕಳಿಗೂ ಕೊನೆಗೆ ಬರುವುದು ಅದೇ ಪರಿಸ್ಥಿತಿ. ದ್ವಿತೀಯ ಪಿಯು ಇಂಗ್ಲಿಷಿನಲ್ಲಿ ಆಂತರಿಕ ಅಂಕ 20, ಉಳಿದ 80 ಪೆನ್ನು ಹಿಡಿದು, ಫೋನಿಲ್ಲದ ಕೋಣೆಯಲ್ಲಿ.

ಪ್ರಬಂಧ ಸುಧಾರಿಸಿದರೂ ಮಗುವಿನ ಇಂಗ್ಲಿಷ್ ಯಾಕೆ ಸುಧಾರಿಸುವುದಿಲ್ಲ? ಇದಕ್ಕೆ ನನ್ನ ಉತ್ತರ ಸ್ವಲ್ಪ ಉದ್ದ, ಯಾಕೆಂದರೆ ಈ ವೃತ್ತಿಯಲ್ಲಿ ನನಗೆ ತುಂಬಾ ಇಷ್ಟವಾದ ವಿಷಯ ಇದೇ. ಭಾಷೆ ಕಲಿಯುವವರಿಗೆ ತಪ್ಪು ಅನ್ನುವುದು ಕಸ ಅಲ್ಲ. ಕನ್ನಡದಿಂದ ಇಂಗ್ಲಿಷಿಗೆ ದಾಟುವಾಗ ಮಗು ಎಲ್ಲಿ ಕಾಲು ಇಟ್ಟಿತು ಅನ್ನುವ ಗುರುತು ಅದು.

"ಫೀವರ್ ಕೇಮ್ ಟು ಮಿ" ಎಂದು ಬರೆದ ಮಗುವನ್ನು ನೋಡಿ ನಾವು ನಗುತ್ತೇವೆ. ಅದರಲ್ಲಿ ನಗುವಂಥದ್ದು ಏನಿದೆ? ಕನ್ನಡದಲ್ಲಿ ಜ್ವರ ಬರುತ್ತದೆ, ಹಸಿವಾಗುತ್ತದೆ, ನೆನಪಾಗುತ್ತದೆ. ಎಲ್ಲದಕ್ಕೂ "ನನಗೆ". ಇಂಗ್ಲಿಷಿನಲ್ಲಿ ಆ "ನನಗೆ" ಹೋಗಿ "ಐ" ಆಗಬೇಕು, ಜ್ವರವನ್ನು "ಹ್ಯಾವ್" ಮಾಡಬೇಕು. ಮಗು ತನ್ನ ಭಾಷೆಯ ನಿಯಮವನ್ನು ಚೆನ್ನಾಗಿ ಪಾಲಿಸಿದೆ, ಭಾಷೆ ಮಾತ್ರ ಬೇರೆ. "ಅವನು ಡಾಕ್ಟರ್" ಅನ್ನುವಲ್ಲಿ ನಮಗೆ ಕ್ರಿಯಾಪದವೇ ಬೇಡ. ಅದಕ್ಕೇ "ಹಿ ಡಾಕ್ಟರ್". ಮಾರ್ಕೆಟ್ಟಿಗೆ ಹೋಗಿ, ಆಲೂಗೆಡ್ಡೆ ಮಾರಿ, ಬಸ್ ಹತ್ತಿ, ಮನೆಗೆ ಬಂದೆ. ಹೀಗೆ ಪೋಣಿಸಿಕೊಂಡು ಹೋಗುವುದು ನಮಗೆ ಉಸಿರಾಡಿದಷ್ಟು ಸಲೀಸು. ಅದನ್ನೇ ಇಂಗ್ಲಿಷಿಗೆ ಎತ್ತಿದರೆ "ಗೋಯಿಂಗ್, ಸೆಲ್ಲಿಂಗ್, ಕ್ಯಾಚಿಂಗ್ ಬಸ್, ಕೇಮ್ ಹೋಮ್". ಇನ್ನು "ಎ", "ದಿ" ವಿಷಯ ಕೇಳಲೇಬೇಡಿ. ಕನ್ನಡದಲ್ಲಿ ಅಂಥ ಸಾಮಾನೇ ಇಲ್ಲ, ಮಗು ಎಲ್ಲಿಂದ ತರಬೇಕು?

ಪ್ರಬಂಧವನ್ನು ಎಐಗೆ ಕೊಟ್ಟು ತಿದ್ದು ಅಂದರೆ, ಈ ಹೆಜ್ಜೆ ಗುರುತುಗಳನ್ನೆಲ್ಲ ಎರಡು ಸೆಕೆಂಡಿನಲ್ಲಿ ಗುಡಿಸಿಹಾಕುತ್ತದೆ. ಮಗುವಿಗೆ ತಾನು ಎಲ್ಲಿ ಎಡವಿದೆ ಅಂತ ಗೊತ್ತಾಗುವುದಿಲ್ಲ. ನಿಮಗೂ ಗೊತ್ತಾಗುವುದಿಲ್ಲ. ನಾಳೆ ಏನು ಪಾಠ ಮಾಡಬೇಕು ಅನ್ನುವುದೇ ತಿಳಿಯದ ಹಾಗೆ ಆಗುತ್ತದೆ. ನಕಲಿಗಿಂತ ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ.

ತಿದ್ದುವಾಗ ಅರ್ಥ ಕೆಡಿಸುವುದೂ ಉಂಟು. ಚಿಕ್ಕಮಗಳೂರಿನಲ್ಲಿ ಶಿಕ್ಷಕರ ಜೊತೆ ಕೂತಾಗ ಒಂದು ಮಗುವಿನ ವಾಕ್ಯ ಹಾಕಿ ನೋಡಿದೆವು: "ಮೈ ಮದರ್ ಈಸ್ ಡೂಯಿಂಗ್ ಕಾಫಿ ವರ್ಕ್." ಎಐ ಅದನ್ನು ಚಂದ ಮಾಡಿ, ನನ್ನ ಅಮ್ಮ ಪ್ರೀತಿಯಿಂದ ಕಾಫಿ ಮಾಡಿಕೊಡುತ್ತಾರೆ ಅನ್ನುವ ಅರ್ಥದ ವಾಕ್ಯ ಕೊಟ್ಟಿತು. ವ್ಯಾಕರಣ ಸರಿ. ಆದರೆ ಆ ತಾಯಿ ಬೆಳಿಗ್ಗೆ ಜೀಪಿನ ಹಿಂದೆ ನಿಂತು ತೋಟಕ್ಕೆ ಹೋಗಿ, ಹಣ್ಣು ಕೊಯ್ದು, ಸಂಜೆ ಚೀಲ ತೂಕ ಹಾಕಿಸಿ ಬರುವವರು. ಒಂದು ತಿದ್ದುಪಡಿಯಲ್ಲಿ ತೋಟದಿಂದ ಅಡುಗೆಮನೆಗೆ ಬಂದುಬಿಟ್ಟರು. ಇಂಗ್ಲಿಷ್ ಬರದ ಮಗುವಿಗೆ ಇದು ಹೇಗೆ ತಿಳಿಯಬೇಕು? ತನಗಿಂತ ಚೆನ್ನಾಗಿ ಬರೆದಿದೆ ಎಂದು ಅದನ್ನೇ ಇಟ್ಟುಕೊಳ್ಳುತ್ತದೆ.

ಇಲ್ಲೊಂದು ಅಡ್ಡಮಾತು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ದೀಪಾ ಭಾಸ್ತಿಯವರು ಅದನ್ನು ಇಂಗ್ಲಿಷಿಗೆ ತರುವಾಗ ಕನ್ನಡದ ಪದಗಳನ್ನು ಓರೆ ಅಕ್ಷರದಲ್ಲಿ ಬೇರೆ ಮಾಡಿ ತೋರಿಸದೆ ಹಾಗೆಯೇ ಬಿಟ್ಟರು. ಆ ಇಂಗ್ಲಿಷಿಗೆ ನಮ್ಮ ಸೀಮೆಯ ವಾಸನೆ ಇದೆ, ಪ್ರಶಸ್ತಿಯೂ ಬಂತು. ಹಾಗಂತ "ಫೀವರ್ ಕೇಮ್ ಟು ಮಿ" ಬಿಟ್ಟುಬಿಡಿ ಅನ್ನುತ್ತಿಲ್ಲ. ಆದರೆ ಮಗು "ಕಣ", "ಜಗುಲಿ" ಅಂತ ಬರೆದರೆ ಕೆಂಪು ಗೆರೆ ಎಳೆಯಬೇಡಿ. ಎಐಗೆ ಕೊಟ್ಟರೆ ಅದು ಮೊದಲು ಎಳೆಯುವುದು ಅಲ್ಲೇ.

ಸರಿ, ಮಾಡುವುದೇನು?

ಪ್ರಾಂಶುಪಾಲರ ದಾರಿ ಪೂರ್ತಿ ನಿಷೇಧ. ಕಾಲೇಜಿನ ಗೇಟಿನ ಒಳಗೆ ಅದು ನಡೆಯುತ್ತದೆ, ಮನೆಯಲ್ಲಿ ನಡೆಯುವುದಿಲ್ಲ. ಅಪ್ಪನಿಗೆ ಸ್ಮಾರ್ಟ್‌ಫೋನ್ ಇರುವ ಮಗು ಬಳಸುತ್ತದೆ, ಇಲ್ಲದ ಮಗು ಬಳಸುವುದಿಲ್ಲ. ಆಮೇಲೆ ನೀವು ಇಬ್ಬರಿಗೂ ಒಂದೇ ತಕ್ಕಡಿಯಲ್ಲಿ ಅಂಕ ಹಾಕುತ್ತೀರಿ. ಸಹೋದ್ಯೋಗಿಯ ದಾರಿ, ಅಂದರೆ ಎಲ್ಲರ ಕೈಗೂ ಕೊಟ್ಟುಬಿಡುವುದು, ಟರ್ಕಿಯ ಮೊದಲ ಗುಂಪಿನ ದಾರಿ. ಎರಡನ್ನೂ ನಾನು ಒಪ್ಪುವುದಿಲ್ಲ. ಆದರೆ ಎರಡರಲ್ಲೂ ಅರ್ಧರ್ಧ ಸತ್ಯ ಇದೆ.

ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಮಾಡುವ ಕೆಲಸ: ಅಂಕ ಕೊಡುವ ಪ್ರಬಂಧವನ್ನು ಮನೆಗೆ ಕೊಡುವುದನ್ನೇ ನಿಲ್ಲಿಸುತ್ತೇನೆ. ಹದಿನೈದು ದಿನಕ್ಕೊಮ್ಮೆ ಒಂದು ಪೀರಿಯಡ್, ಕ್ಲಾಸಿನಲ್ಲೇ, ಕೈಬರಹದಲ್ಲಿ, ಒಂದು ಪುಟ. ಬರೆಯುವ ಮೊದಲು ಹತ್ತು ನಿಮಿಷ ಪಕ್ಕದವರ ಜೊತೆ ಕನ್ನಡದಲ್ಲಿ ಮಾತಾಡಿಕೊಳ್ಳಲಿ. ಕನ್ನಡದಲ್ಲೇ ಐದು ಅಂಶ ಗೀಚಿಕೊಳ್ಳಲಿ. ಹೇಳಲು ಏನಾದರೂ ಇದ್ದಾಗ ಭಾಷೆ ಹಿಂದೆಯೇ ಬರುತ್ತದೆ. ಇದು ನಾನು ಸ್ವಂತ ಕಂಡುಹಿಡಿದದ್ದಲ್ಲ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರು ನಡೆಸಿದ, ಇಂಗ್ಲಿಷ್ ಕಲಿಸುವ ಪ್ರಯೋಗವಾದ ಬೆಂಗಳೂರು ಪ್ರಾಜೆಕ್ಟ್ ನಿಂತಿದ್ದೇ ಈ ನಂಬಿಕೆಯ ಮೇಲೆ. ಮಕ್ಕಳ ಗಮನ ವ್ಯಾಕರಣದ ಮೇಲಲ್ಲ, ಬಿಡಿಸಬೇಕಾದ ಒಂದು ಸಮಸ್ಯೆಯ ಮೇಲೆ, ಹೇಳಬೇಕಾದ ಅರ್ಥದ ಮೇಲೆ ಇರಲಿ ಅನ್ನುವುದು ಅವರ ದಾರಿ. ಲೋಕವೆಲ್ಲ ಇವತ್ತಿಗೂ ಅದರ ಬಗ್ಗೆ ಮಾತಾಡುತ್ತದೆ, ನಮ್ಮಲ್ಲಿ ಮರೆತಿದ್ದೇವೆ.

ಎರಡನೆಯದು, ಎಐ ಮಕ್ಕಳ ಕೈಗೆ ಹೋಗುವ ಮೊದಲು ನಿಮ್ಮ ಕೈಗೆ ಬರಲಿ. ನಿಮ್ಮ ಊರಿಗೆ ಹೊಂದುವುದು ಇದೇ, ಯಾಕೆಂದರೆ ಕ್ಲಾಸಿನಲ್ಲಿ ನೆಟ್‌ವರ್ಕ್ ಬೇಕಾಗುವುದಿಲ್ಲ. 118 ನೋಟ್‌ಬುಕ್ ಓದುವಾಗ ಮತ್ತೆ ಮತ್ತೆ ಬರುವ ಹತ್ತು ತಪ್ಪು ವಾಕ್ಯ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಸಿಗ್ನಲ್ ಸಿಕ್ಕಾಗ ಎಐಗೆ ಹೀಗೆ ಹೇಳಿ: "ಕನ್ನಡ ಮಾಧ್ಯಮದ ಮಕ್ಕಳು ಬರೆದ ವಾಕ್ಯಗಳು ಇವು. ಇವುಗಳನ್ನು ತಪ್ಪಿನ ಬಗೆಗೆ ತಕ್ಕಂತೆ ಗುಂಪು ಮಾಡು. ಪ್ರತಿ ಗುಂಪಿಗೂ ಅದೇ ತಪ್ಪು ಇರುವ ಐದು ಹೊಸ ವಾಕ್ಯ ಕೊಡು. ತೋಟ, ಸಂತೆ, ಬಸ್ಸು, ಹಬ್ಬ ಇವುಗಳ ಬಗ್ಗೆ ಇರಲಿ." ಐದು ನಿಮಿಷದಲ್ಲಿ ಮರುದಿನದ ಅಭ್ಯಾಸ ತಯಾರು. ಬೋರ್ಡಿನ ಮೇಲೆ ಬರೆದರೆ ಆಯ್ತು. ಕೊಟ್ಟದ್ದನ್ನು ಒಮ್ಮೆ ಓದಿ ನೋಡಿ, ಅದರಲ್ಲೂ ಒಂದೆರಡು ಅಡ್ಡಾದಿಡ್ಡಿ ಇರುತ್ತವೆ. ಮಕ್ಕಳ ಹೆಸರು, ರಿಜಿಸ್ಟರ್ ನಂಬರ್, ಹೆಸರಿರುವ ಪುಟದ ಫೋಟೋ ಮಾತ್ರ ಹಾಕಬೇಡಿ. ಮನೆಯ ಕಷ್ಟಸುಖ ಬರೆದುಕೊಂಡ ಪ್ರಬಂಧವನ್ನಂತೂ ಹಾಕಲೇಬೇಡಿ.

ಇದರ ಜೊತೆಗೆ ಒಂದು ಆಟ ಹೇಳುತ್ತೇನೆ, ಮಕ್ಕಳಿಗೆ ತುಂಬಾ ಖುಷಿ ಕೊಡುತ್ತದೆ. ನಿಮ್ಮ ಹುಡುಗನ ಹಾಸನಾಂಬೆ ಪ್ರಬಂಧದ ಥರದ್ದನ್ನು ನೀವೇ ಎಐ ಕೈಲಿ ಬರೆಸಿ. ಅವನದ್ದನ್ನೇ ಓದಬೇಡಿ, ಅವಮಾನ ಆಗುತ್ತದೆ. ಕ್ಲಾಸಿನಲ್ಲಿ ಓದಿ, ಇದರಲ್ಲಿ ಸುಳ್ಳು ಏನಿದೆ ಹುಡುಕಿ ಅನ್ನಿ. ನಾನು ಮಾಡಿಸಿದಾಗ, ಭಕ್ತರು ದಿನವೂ ದೇವಿಯ ದರ್ಶನ ಪಡೆಯುತ್ತಾರೆ ಎಂದು ಬಂದಿತ್ತು. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಸರ್, ವರ್ಷಕ್ಕೊಮ್ಮೆ ದೀಪಾವಳಿ ಟೈಮಲ್ಲಿ ಮಾತ್ರ ಬಾಗಿಲು ತೆಗೆಯೋದು" ಅಂದ. ಅಲ್ಲಿಂದ ಶುರುವಾಯಿತು. ಕ್ಯೂ ಬಗ್ಗೆ ಇಲ್ಲ, ಪಾಸ್ ಬಗ್ಗೆ ಇಲ್ಲ, ಚಪ್ಪಲಿ ಕಳೆದುಕೊಂಡದ್ದು ಇಲ್ಲ, ಆರದ ದೀಪದ ಕಥೆ ಇಲ್ಲ. "ವೈಬ್ರೆಂಟ್ ಟೇಪೆಸ್ಟ್ರಿ" ಅಂದರೆ ಏನು ಸರ್ ಎಂದು ಒಬ್ಬಳು ಕೇಳಿದಳು. ಬಣ್ಣಬಣ್ಣದ ನೇಯ್ಗೆ ಅಂದೆ. ಜಾತ್ರೆಯಲ್ಲಿ ಅದೆಲ್ಲಿ ಇರುತ್ತೆ ಅಂದಳು. ಇಂಗ್ಲಿಷ್ ಬರದ ತಾವು ಇಂಗ್ಲಿಷ್ ಬರುವ ಯಂತ್ರಕ್ಕಿಂತ ಜಾಸ್ತಿ ತಿಳಿದವರು ಅನ್ನುವುದು ಮಕ್ಕಳಿಗೆ ಅವತ್ತು ಗೊತ್ತಾಯಿತು. ಆಮೇಲೆ ಬರೆಯಿರಿ ಅಂದರೆ ಪೆನ್ನು ಕಚ್ಚುವವರು ಕಡಿಮೆಯಾದರು.

ಈ ಎರಡೂ ಕೆಲಸ ಒಂದೆರಡು ತಿಂಗಳು ನಡೆದ ಮೇಲೆ, ಬೇಕಿದ್ದರೆ ಮಕ್ಕಳ ಕೈಗೆ ಕೊಡಿ. ಷರತ್ತು ಒಂದೇ: ಮೊದಲು ಸ್ವಂತ ಕೈಬರಹದ ಕರಡು, ಆಮೇಲೆ ಫೋನು. ಫೋನಿಗೆ ಏನು ಹೇಳಬೇಕು ಅನ್ನುವುದನ್ನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಸಿ. ನಾನು ಬರೆಸುವುದು ಹೀಗೆ:

"ಇದು ನಾನು ಬರೆದ ಪ್ರಬಂಧ. ಇದನ್ನು ತಿದ್ದಿ ಬರೆದುಕೊಡಬೇಡ. ತಪ್ಪಿರುವ ಮೂರು ವಾಕ್ಯ ಮಾತ್ರ ತೋರಿಸು. ಯಾವ ಥರದ ತಪ್ಪು ಎಂದು ಕನ್ನಡದಲ್ಲಿ ಒಂದು ಸಾಲು ಹೇಳು. ಸರಿಯಾದ ಉತ್ತರ ಹೇಳಬೇಡ. ನಾನು ತಿದ್ದಿ ಕಳಿಸುತ್ತೇನೆ, ಆಗ ಸರಿಯೋ ತಪ್ಪೋ ಹೇಳು."

ಮೂರೇ ಯಾಕೆ? 1996ರಲ್ಲಿ ಜಾನ್ ಟ್ರಸ್ಕಾಟ್ ಎಂಬ ವಿದ್ವಾಂಸರು, ಎರಡನೇ ಭಾಷೆಯ ಬರಹದಲ್ಲಿ ವ್ಯಾಕರಣ ತಿದ್ದುವುದೇ ದಂಡ ಎಂದು ವಾದಿಸಿ ದೊಡ್ಡ ಜಗಳ ಎಬ್ಬಿಸಿದರು. ಡೇನಾ ಫೆರಿಸ್ ಎಂಬವರು 1999ರಲ್ಲಿ ಅದನ್ನು ಒಪ್ಪದೆ ಉತ್ತರ ಬರೆದರು. ಜಗಳ ಇನ್ನೂ ಪೂರ್ತಿ ತೀರಿಲ್ಲ. ನಾನು ನಡುವೆ ನಿಂತವನು. ಇಡೀ ಪುಟ ಕೆಂಪಾದರೆ ಮಗು ಅಂಕ ನೋಡಿ ನೋಟ್‌ಬುಕ್ ಮುಚ್ಚುತ್ತದೆ. ಮೂರು ತಪ್ಪಾದರೆ ಕೂತು ನೋಡುತ್ತದೆ. ನಿಮ್ಮ ಕೆಂಪು ಪೆನ್ನಿಗೂ ಇದೇ ಲೆಕ್ಕ.

ಇದರಲ್ಲೂ ತೊಂದರೆ ಇಲ್ಲದಿಲ್ಲ. ತಿದ್ದಬೇಡ ಅಂದರೂ ಎಐ ಕೆಲವೊಮ್ಮೆ ಇಡೀ ಪ್ರಬಂಧ ಬರೆದು ಮುಂದಿಡುತ್ತದೆ. ಉತ್ಸಾಹ ಜಾಸ್ತಿ ಅದಕ್ಕೆ. ಸರಿ ಇರುವ ವಾಕ್ಯವನ್ನೂ ತಪ್ಪು ಅನ್ನುತ್ತದೆ, ಕೇಳಿದ್ದು ಮೂರು ಅಂದಮೇಲೆ ಮೂರು ತೋರಿಸಲೇಬೇಕಲ್ಲ! ಕನ್ನಡದಲ್ಲಿ ವಿವರಿಸುವಾಗ ಇಂಗ್ಲಿಷಿನಷ್ಟು ಸಲೀಸಾಗಿರುವುದಿಲ್ಲ, ವ್ಯಾಕರಣದ ಹೆಸರುಗಳನ್ನು ತಾನೇ ಹುಟ್ಟಿಸುವುದೂ ಉಂಟು. ಹಾಗಾಗಿ ಮಕ್ಕಳಿಗೆ ಒಂದು ಮಾತು ಹೇಳಿಡಿ: ಅದು ಹೇಳಿದ್ದರಲ್ಲಿ ಅನುಮಾನ ಬಂದರೆ ಗುರುತು ಹಾಕಿಕೊಂಡು ಬಂದು ನನ್ನನ್ನು ಕೇಳಿ. ಕೇಳಲು ಬರುವ ಮಗು ಅರ್ಧ ಕಲಿತ ಹಾಗೆಯೇ.

ಪದ ಕೇಳುವುದಕ್ಕೆ ಮಾತ್ರ ಧಾರಾಳವಾಗಿ ಬಿಡಿ. ಕಾಫಿ ಒಣಗಿಸುವ ಕಣಕ್ಕೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ? ಡ್ರೈಯಿಂಗ್ ಯಾರ್ಡ್. ಹಣ್ಣು ಕೊಯ್ಯುವುದಕ್ಕೆ? ಪಿಕಿಂಗ್. ಇಂಥ ಪದ ಶಾಲೆಯ ಡಿಕ್ಷನರಿಯಲ್ಲಿ ಹುಡುಕುವಷ್ಟರಲ್ಲಿ ಬರೆಯುವ ಮನಸ್ಸೇ ಹೋಗಿರುತ್ತದೆ. ಆದರೆ ಇಡೀ ಪ್ರಬಂಧ ಕನ್ನಡದಲ್ಲಿ ಬರೆದು ಅನುವಾದ ಮಾಡಿಸಿದರೆ, ಅದು ಕನ್ನಡ ಪ್ರಬಂಧ. ಕನ್ನಡ ಮೇಷ್ಟ್ರಿಗೆ ಕೊಡಲಿ.

ಫೋನಿಲ್ಲದ ಮಕ್ಕಳಿಗೆ ಏನು? ಮೂರು ನಾಲ್ಕು ಮಕ್ಕಳಿಗೆ ಒಂದು ಫೋನು, ಅದೂ ಕಾಲೇಜಿನದ್ದೋ ನಿಮ್ಮದೋ, ನಿಮ್ಮ ಕಣ್ಣೆದುರು. ಇಲ್ಲವಾದರೆ ಎಐ ಬದಲು ಪಕ್ಕದವರ ನೋಟ್‌ಬುಕ್ ಬದಲಾಯಿಸಿಕೊಂಡು ಅದೇ ಮೂರು ತಪ್ಪು ಹುಡುಕಲಿ. ಎರಡಕ್ಕೂ ಒಂದೇ ಅಂಕ. ಫೋನು ಇದ್ದವರಿಗೆ ಲಾಭ, ಇಲ್ಲದವರಿಗೆ ನಷ್ಟ ಆಗುವ ಯಾವ ಚಟುವಟಿಕೆಗೂ ಅಂಕ ಇಡಬೇಡಿ.

ಆಂತರಿಕ ಅಂಕದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಎಷ್ಟು ಬಿಡುವು ಇದೆಯೋ ಅಷ್ಟರಲ್ಲಿ, ಕೊನೆಯ ಪ್ರತಿಗೆ ಕಡಿಮೆ, ಕರಡಿಗೆ ಮತ್ತು ತಿದ್ದಿದ್ದಕ್ಕೆ ಜಾಸ್ತಿ ಕೊಡಿ. ಹೊಡೆದುಹಾಕಿದ ಸಾಲುಗಳಿರುವ ಗಲೀಜು ಪುಟಕ್ಕೆ ಅಂಕ ಇದೆ ಅಂತ ಗೊತ್ತಾದರೆ, ಫೋನಿನ ನೀಟಾದ ಪ್ರಬಂಧಕ್ಕೆ ಬೆಲೆ ತಾನೇ ಬಿದ್ದುಹೋಗುತ್ತದೆ.

ಪ್ರಾಂಶುಪಾಲರ ಹತ್ತಿರ ಹೋಗುವ ಮೊದಲು ಒಂದು ವಿಷಯ ಗೊತ್ತಿರಲಿ. ಚಾಟ್‌ಜಿಪಿಟಿಯ ನಿಯಮದಲ್ಲೇ 13 ವರ್ಷದ ಒಳಗಿನವರು ಬಳಸುವಂತಿಲ್ಲ, 18ರ ಒಳಗಿನವರಿಗೆ ತಂದೆ ತಾಯಿಯ ಒಪ್ಪಿಗೆ ಬೇಕು ಎಂದಿದೆ. ಯುನೆಸ್ಕೋ ಕೂಡ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ 13 ವರ್ಷದ ಮಿತಿ ಸೂಚಿಸಿದೆ. ನಿಮ್ಮ ಮಕ್ಕಳು 16, 17ರವರು. ಹಾಗಾಗಿ ಪೋಷಕರ ಸಭೆಯಲ್ಲಿ ವಿಷಯ ಹೇಳಿ, ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳಿ. ಹೆಬ್ಬೆಟ್ಟು ಒತ್ತುವವರಿಗೆ ಓದಿ ಹೇಳಿ. ಒಪ್ಪದವರ ಮಕ್ಕಳು ನೋಟ್‌ಬುಕ್ ಬದಲಾಯಿಸಿಕೊಳ್ಳುವ ಗುಂಪಿನಲ್ಲಿರಲಿ. ಇಷ್ಟು ಕಾಗದ ತೋರಿಸಿದರೆ ನಿಮ್ಮ ಪ್ರಾಂಶುಪಾಲರೂ ಬಹುಶಃ ಒಂದು ಸೆಕ್ಷನ್‌ನಲ್ಲಿ ಮಾಡಿ ನೋಡಿ ಅನ್ನುತ್ತಾರೆ. ಆ ಹುಡುಗಿ ಇರುವ ಸೆಕ್ಷನ್ನನ್ನೇ ಆರಿಸಿಕೊಳ್ಳಿ. ಮೊದಲ ಪ್ರಬಂಧದ ವಿಷಯ ಮತ್ತೆ ಅಮ್ಮನೇ ಇರಲಿ, ಈ ಸಲ ಕ್ಲಾಸಿನಲ್ಲಿ, ನಿಮ್ಮ ಮುಂದೆ.